ಉತ್ತರದ ಬಾಲ್ಕನಿಯಲ್ಲಿ ಫೆಲನಾಪ್ಸಿಸ್: ಬೆಳಕಿನ ಲೆಕ್ಕ ಕೂಡಿಬಂದ ಬಗೆ

ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಫೆಲನಾಪ್ಸಿಸ್ ಅನ್ನುವ ಆರ್ಕಿಡ್ ಮತ್ತೆ ಹೂ ಬಿಡಲ್ಲ ಅಂತ ನನಗೆ ಹೇಳದವರಿಲ್ಲ. ಮಲ್ಲೇಶ್ವರದ ಹಿರಿಯ ಬೆಳೆಗಾರರೊಬ್ಬರಂತೂ, "ಅಲ್ಲಾ ರೀ, ಆ ಬಾಲ್ಕನಿಗೆ ಮನಿ ಪ್ಲಾಂಟ್ ಸಾಕು. ದುಡ್ಡು ಯಾಕೆ ಹಾಳು ಮಾಡ್ಕೋತೀರಾ?" ಅಂದಿದ್ದರು. ಬೆಂಗಳೂರಿನ ಅದೇ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಈಗ ಹದಿನೈದಿಪ್ಪತ್ತು ಗಿಡಗಳಿವೆ. ಹೋದ ಚಳಿಗಾಲ ಅವುಗಳಲ್ಲಿ ಮುಕ್ಕಾಲು ಪಾಲಿಗೆ ಸ್ಪೈಕ್, ಅಂದರೆ ಹೂವಿನ ದಂಟು, ಬಂತು. ಎಲ್ಲವೂ ನನ್ನ ಹತ್ತಿರವೇ ಎರಡು ಮೂರು ವರ್ಷ ಇದ್ದು, ಇಲ್ಲೇ ಹೊಸ ಎಲೆ ಬಿಟ್ಟ ಗಿಡಗಳು. ಅಂಗಡಿಯ ಹೂವನ್ನು ನನ್ನದು ಅಂತ ತೋರಿಸುತ್ತಿಲ್ಲ.

ನೀರು, ಬೇರು, ಕುಂಡಕ್ಕೆ ಮಣ್ಣಿನ ಬದಲು ಹಾಕುವ ಇದ್ದಿಲು, ತೊಗಟೆ ಇವೆಲ್ಲ ಆರ್ಕಿಡ್ ಬೆಳೆಸುವವರಿಗೆ ಗೊತ್ತೇ ಇದೆ. ಅದರಲ್ಲಿ ನಾನು ಹೊಸದೇನೂ ಮಾಡಿಲ್ಲ. ನನ್ನ ಗಿಡಗಳು ಚೆನ್ನಾಗಿಯೇ ಇದ್ದವು. ದಪ್ಪ ಬೇರು, ಕಡು ಹಸಿರು ಎಲೆ. ಹೂವೊಂದೇ ಇರಲಿಲ್ಲ. ಆ ಕಡು ಹಸಿರನ್ನು ನೋಡಿ ಎಲ್ಲರೂ ಮೆಚ್ಚುತ್ತಿದ್ದರು. ನಿಜವಾಗಿ ಅದು ಬೆಳಕು ಸಾಲದು ಅನ್ನುವ ಗುರುತು. ಎಲೆ ಉದ್ದವಾಗಿ ಜೋತು ಬಿದ್ದಿದ್ದರೂ ಅದೇ ಅರ್ಥ.

ಮೊದಲು ಸೂರ್ಯನ ವಿಷಯ. ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ ಅಂತ ಹೊರದೇಶದ ಪುಸ್ತಕಗಳಲ್ಲಿ ಬರೆದಿರುತ್ತದೆ. ಅದು ಅವರ ಊರಿಗೆ ಸರಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿನಲ್ಲಿ ಇಲ್ಲಿ ಶೂನ್ಯ ನೆರಳಿನ ದಿನ (ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುವ ದಿನ) ಬರುತ್ತದೆ, ಮತ್ತೆ ಆಗಸ್ಟ್ 18ರ ಹೊತ್ತಿಗೆ ಇನ್ನೊಂದು. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮಧ್ಯಾಹ್ನದ ಬಿಸಿಲನ್ನು ಮೇಲಿನ ಮನೆಯ ಸ್ಲ್ಯಾಬ್ ತಡೆಯುತ್ತದೆ. ಬೆಳಿಗ್ಗೆ ಒಂಬತ್ತರವರೆಗೆ ಮತ್ತು ಸಂಜೆ ನಾಲ್ಕರ ಮೇಲೆ ಓರೆಯಾಗಿ ಬರುವ ಬಿಸಿಲನ್ನು ತಡೆಯಲು ಏನೂ ಇರಲ್ಲ. ಬೆಳಗಿನದು ಒಳ್ಳೆಯದು. ಏಪ್ರಿಲ್ ಕೊನೆಯ ಸಂಜೆ ಬಿಸಿಲು ಮಾತ್ರ ಎಲೆ ಸುಟ್ಟುಬಿಡುತ್ತದೆ. ಸುಮಾರು 900 ರೂಪಾಯಿ ಕೊಟ್ಟು ತಂದಿದ್ದ ದೊಡ್ಡ ಬಿಳಿ ಹೂವಿನ ಗಿಡದ ಮೇಲಿನ ಎರಡು ಎಲೆ ಒಂದೇ ವಾರದಲ್ಲಿ ಬೆಳ್ಳಗಾಗಿ, ಆಮೇಲೆ ಕಂದಾಗಿ ಹೋದವು. ನೆರಳಿನಲ್ಲೇ ಬೆಳೆದ ಎಲೆ ಹಠಾತ್ ಬಿಸಿಲನ್ನು ತಾಳುವುದಿಲ್ಲ. ಈಗ ಪಶ್ಚಿಮದ ಬದಿಗೆ ಮಾತ್ರ ಶೇ 75ರ ಶೇಡ್ ನೆಟ್ ಕಟ್ಟುತ್ತೇನೆ, ಏಪ್ರಿಲ್‌ನಿಂದ ಆಗಸ್ಟ್‌ವರೆಗೆ. ಉಳಿದ ಕಡೆ ತೆರೆದೇ ಇರುತ್ತದೆ. ಅನುಮಾನ ಬಂದಾಗ ಎಲೆಯನ್ನು ಕೈಯಲ್ಲಿ ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಗಿಡವನ್ನು ಒಳಗೆ ಸರಿಸುತ್ತೇನೆ.

ನಿಜವಾದ ತೊಂದರೆ ಇರುವುದು ಚಳಿಗಾಲದಲ್ಲಿ. ಫೆಲನಾಪ್ಸಿಸ್‌ಗೆ ಸ್ಪೈಕ್ ಬರಲು ಕೆಲವು ವಾರ ತಂಪು ಬೇಕು. ಹಗಲೂ 26 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಬೆಂಗಳೂರಿನಲ್ಲಿ ನವೆಂಬರ್‌ನಿಂದ ಜನವರಿವರೆಗೆ ಆ ತಂಪು ಪುಕ್ಕಟೆ ಸಿಗುತ್ತದೆ. ರಾತ್ರಿ 16–17 ಡಿಗ್ರಿಗೆ ಇಳಿಯುತ್ತದೆ. ಆದರೆ ಅದೇ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ಹೋಗಿರುತ್ತಾನೆ, ಉತ್ತರದ ಬಾಲ್ಕನಿ ಮಂಕಾಗಿರುತ್ತದೆ. ತಂಪು ಬಂದಾಗ ಬೆಳಕಿಲ್ಲ, ಬೆಳಕು ಬಂದಾಗ ತಂಪಿಲ್ಲ. ಇಷ್ಟು ವರ್ಷ ನನ್ನ ಗಿಡಗಳು ಹೂ ಬಿಡದೆ ಇದ್ದುದಕ್ಕೆ ಇದೇ ಕಾರಣ. ಗೊಬ್ಬರ ಬದಲಾಯಿಸಿ, ಸ್ಪ್ರೇ ಬದಲಾಯಿಸಿ ಕಳೆದ ದುಡ್ಡು ಎರಡು ಮೂರು ಸಾವಿರ ಆಗಿರಬೇಕು.

ಇದು ಗೊತ್ತಾಗಿದ್ದು ಬೆಳಕು ಅಳೆಯುವ ಲಕ್ಸ್ ಮೀಟರ್ ಕೊಂಡ ಮೇಲೆ. ಸುಮಾರು 1,200 ರೂಪಾಯಿ ಇತ್ತು ಅಂತ ನೆನಪು. ಫೋನಿನ ಆ್ಯಪ್ ನಂಬಬೇಡಿ, ನನ್ನ ಫೋನಿಗೂ ಮಗಳ ಫೋನಿಗೂ ಅರ್ಧಕ್ಕರ್ಧ ವ್ಯತ್ಯಾಸ ಬಂತು. ಮೀಟರನ್ನು ಎಲೆಯ ಮಟ್ಟದಲ್ಲೇ ಹಿಡಿಯಬೇಕು. ಡಿಸೆಂಬರ್ ಮಧ್ಯಾಹ್ನ ಕಂಬಿಯ ಹತ್ತಿರ 4,000 ಲಕ್ಸ್ ತೋರಿಸಿತು. ಅಲ್ಲಿಂದ ಬರೀ ಎರಡಡಿ ಒಳಗೆ, ಗಿಡ ಇಟ್ಟ ಜಾಗದಲ್ಲಿ, 2,000ಕ್ಕಿಂತ ಕಡಿಮೆ. ನಮ್ಮ ಕಣ್ಣಿಗೆ ಎರಡೂ ಒಂದೇ ತರಹ ಕಾಣುತ್ತಿತ್ತು. ಬೇಕಾಗಿದ್ದದ್ದು 10,000ದ ಮೇಲೆ.

ಮಧ್ಯದಲ್ಲಿ ಒಂದು ವಿಚಿತ್ರ ಕಂಡಿತು. ಚಳಿಗಾಲದಲ್ಲಿ ನನ್ನ ಬಾಲ್ಕನಿಗೆ ಬರುವ ಬೆಳಕಿನಲ್ಲಿ ದೊಡ್ಡ ಪಾಲು ಎದುರು ಮನೆಯ ಗೋಡೆಯದು. ಆ ಗೋಡೆ ದಕ್ಷಿಣಕ್ಕೆ ಮುಖ ಮಾಡಿದೆ, ಡಿಸೆಂಬರ್ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಅವರು ಒಂದು ಸಲ ಹಳೇ ಇಟ್ಟಿಗೆ ಬಣ್ಣ ತೆಗೆಸಿ ಬಿಳಿ ಹೊಡೆಸಿದರು. ನನ್ನ ಮೀಟರ್ ಹತ್ತಿರ ಹತ್ತಿರ ಸಾವಿರ ಲಕ್ಸ್ ಜಾಸ್ತಿ ತೋರಿಸಿತು! ಅದನ್ನು ನೋಡಿ ನಾನೂ ನನ್ನ ಬಾಲ್ಕನಿಯ ಗೋಡೆಗೆ ಬಿಳಿ ಹೊಡೆದೆ, ಗಿಡಗಳ ಹಿಂದೆ ಥರ್ಮೋಕೋಲ್ ಹಲಗೆ ನಿಲ್ಲಿಸಿದೆ. ಖರ್ಚು ಮುನ್ನೂರು ರೂಪಾಯಿ ಒಳಗೆ. ಇಷ್ಟರಿಂದಲೇ ಹೂ ಬರಲಿಲ್ಲ, ಆದರೆ ಹಿಂಬದಿಯ ಎಲೆಗಳು ಗಟ್ಟಿಯಾದವು.

ಆಮೇಲೆ ದೀಪ. ಮೊದಲು ತಂದದ್ದು ನೇರಳೆ ಬಣ್ಣದ ಗ್ರೋ ಲೈಟ್, 1,800 ರೂಪಾಯಿಯ ಹತ್ತಿರ. ಮನೆಯವರಿಗೆ ಅದನ್ನು ನೋಡಿ ತಲೆನೋವು. ಎಲೆಯ ಬಣ್ಣ ಹಸಿರೋ ಹಳದಿಯೋ ಗೊತ್ತಾಗುತ್ತಿರಲಿಲ್ಲ. ಲಕ್ಸ್ ಮೀಟರ್ ಆ ಬಣ್ಣಗಳನ್ನು ಸರಿಯಾಗಿ ಅಳೆಯುವುದಿಲ್ಲ, ಹಾಗಾಗಿ ಲೆಕ್ಕವೂ ಸಿಗುತ್ತಿರಲಿಲ್ಲ. ಕೆಲವು ತಿಂಗಳಲ್ಲಿ ಅದರ ಡ್ರೈವರ್ (ದೀಪಕ್ಕೆ ಕರೆಂಟ್ ಹದಮಾಡಿ ಕೊಡುವ ಭಾಗ) ಸುಟ್ಟುಹೋಯಿತು, ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಸಾಕಾಗಿ ಮಾಮೂಲಿ 20 ವ್ಯಾಟ್‌ನ ಬಿಳಿ ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟಿನಂಥ ಉದ್ದ ದೀಪ) ಎರಡು ತಂದೆ, ಒಂದೊಂದಕ್ಕೆ 250 ರೂಪಾಯಿ ಚಿಲ್ಲರೆ. ಪ್ಯಾಕ್ ಮೇಲೆ ಬೆಳಕಿನ ಬಣ್ಣಕ್ಕೆ 6500 ಕೆ ಅಂತ ಇರುತ್ತದಲ್ಲ, ಅದೇ. ಇದನ್ನು ಹೇಳಿದಾಗ ನಗದವರಿಲ್ಲ. "ಟ್ಯೂಬ್‌ಲೈಟಿಗೆ ಆರ್ಕಿಡ್ ಹೂ ಬಿಡುತ್ತಾ?" ಅಂತ.

ಲೆಕ್ಕ ಹೀಗೆ. ಎರಡು ಬ್ಯಾಟನ್ ಅಕ್ಕಪಕ್ಕ ಕಟ್ಟಿ ಒಂದಡಿ ಕೆಳಗೆ ಅಳೆದರೆ 5,000 ಲಕ್ಸ್. ಎಂಟು ಅಂಗುಲಕ್ಕೆ ಇಳಿಸಿದರೆ 7,000 ದಾಟುತ್ತದೆ. ಇದೂ 10,000 ಮುಟ್ಟಲಿಲ್ಲ ಅಲ್ವಾ ಅಂತ ಕೇಳುತ್ತೀರಿ. ಪುಸ್ತಕದ 10,000–15,000 ಅನ್ನುವುದು ಹಗಲಿನ ಏರು ಹೊತ್ತಿನ ಬೆಳಕು. ಬೆಳಿಗ್ಗೆ ಸಂಜೆ ಅಷ್ಟಿರಲ್ಲ. ನನ್ನ ದೀಪ ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಒಂದೇ ಸಮ 7,000 ಕೊಡುತ್ತದೆ, ಮೇಲೆ ಬಾಲ್ಕನಿಯ ಬೆಳಕೂ ಸೇರುತ್ತದೆ. ಗಿಡಕ್ಕೆ ಬೇಕಾಗುವುದು ದಿನದ ಒಟ್ಟು ಮೊತ್ತ. ಹಗಲು ಉದ್ದವಾದರೆ ಸ್ಪೈಕ್ ಬರಲ್ಲ ಅಂತಲೂ ಹೆದರಿಸಿದರು. ಫೆಲನಾಪ್ಸಿಸ್ ಸ್ಪೈಕ್‌ಗೆ ಮುಖ್ಯವಾಗಿ ನೋಡುವುದು ತಂಪನ್ನು, ಹಗಲಿನ ಉದ್ದವನ್ನಲ್ಲ. ಆದರೆ ರಾತ್ರಿ ಕತ್ತಲೆ ಕೊಡಲೇಬೇಕು, ಇದು ಕತ್ತಲಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುವ ಜಾತಿ. ಅದಕ್ಕೆ 500 ರೂಪಾಯಿಯ ಟೈಮರ್ ಹಾಕಿದ್ದೇನೆ. ಕರೆಂಟ್ ದಿನಕ್ಕೆ ಅರ್ಧ ಯೂನಿಟ್ ಚಿಲ್ಲರೆ, ತಿಂಗಳಿಗೆ ನೂರು ನೂರಿಪ್ಪತ್ತು ರೂಪಾಯಿ.

ದೀಪ ಹಾಕಿದ ಮೊದಲ ವರ್ಷ ಒಂದೆರಡು ಗಿಡ ಮಾತ್ರ ಸ್ಪೈಕ್ ಕೊಟ್ಟವು, ಯಾಕೆಂದರೆ ನವೆಂಬರ್ ಕೊನೆಗೆ ಹಾಕಿದ್ದೆ. ಮುಂದಿನ ವರ್ಷ ಸೆಪ್ಟೆಂಬರ್‌ಗೇ ಹಾಕಿದೆ. ಚಳಿ ಬರುವ ಹೊತ್ತಿಗೆ ಗಿಡಗಳು ಹೊಟ್ಟೆ ತುಂಬಿಸಿಕೊಂಡು ತಯಾರಾಗಿದ್ದವು. ಹೊಸ ಎಲೆ ಚಿಕ್ಕದಾಗಿ, ಗಟ್ಟಿಯಾಗಿ, ತಿಳಿ ಹಸಿರಾಗಿ ಬಂತು. ಗುಲಾಬಿ ಹೂವಿನ ಗಿಡಗಳ ಎಲೆ ಅಂಚಿಗೆ ಕೆಂಪು ಛಾಯೆ ಬಂದರೆ ಅಲ್ಲಿಗೆ ನಿಲ್ಲಿಸಿ, ಇನ್ನೂ ಹತ್ತಿರ ತರಬೇಡಿ. ಡಿಸೆಂಬರ್ ಮೊದಲ ವಾರದಲ್ಲಿ ಎಲೆಯ ಬುಡದಿಂದ ಸ್ಪೈಕ್‌ಗಳು ಇಣುಕಿದವು. ಫೆಬ್ರವರಿ ಕೊನೆಗೆ ಹೂ ಅರಳಿತು, ಮೇ ಹತ್ತಿರ ಬರುವವರೆಗೂ ಇತ್ತು. ಒಂದು ಗಿಡದಲ್ಲಿ ಎರಡು ಸ್ಪೈಕ್, ಹದಿನೈದರ ಮೇಲೆ ಹೂ. ಮಲ್ಲೇಶ್ವರದವರು ಬಂದು ನೋಡಿ, ಸುಮ್ನೆ ಬ್ಯಾಟನ್ ಎಲ್ಲಿ ತಂದಿರಿ ಅಂತ ಕೇಳಿದರು.

ಮೇ ತಿಂಗಳಲ್ಲೂ ಸ್ಪೈಕ್ ತರಿಸೋಣ ಅಂತ ಎರಡು ಗಿಡಗಳನ್ನು ಎಸಿ ಕೋಣೆಯಲ್ಲಿ ಇಟ್ಟಿದ್ದೆ, 22 ಡಿಗ್ರಿಯಲ್ಲಿ, ಟ್ಯೂಬ್ ಕೆಳಗೆ. ಒಂದಕ್ಕೆ ಸ್ಪೈಕ್ ಬಂತು, ನನ್ನ ಲೆಕ್ಕ ಸರಿ ಅಂತ ಖಾತ್ರಿಯಾಯಿತು. ಆದರೆ ಒಣ ಗಾಳಿಗೆ ಮೊಗ್ಗು ಹಳದಿಯಾಗಿ ಉದುರಿತು, ಕರೆಂಟ್ ಬಿಲ್ ಸಾವಿರದ ಮೇಲೆ ಜಾಸ್ತಿ ಬಂತು. ಅದನ್ನು ಬಿಟ್ಟೆ. ತೀರ್ಥಹಳ್ಳಿ ಕಡೆ ನಮ್ಮವರ ಮನೆಯಲ್ಲಿ ಸೀತಾಳೆ ದಂಡೆ ಅನ್ನುವ ಕಾಡು ಆರ್ಕಿಡ್ ಹಲಸಿನ ಮರದ ಮೇಲೆ ತಾನಾಗಿ ಹೂ ಬಿಡುತ್ತದೆ. ಅದನ್ನು ನೋಡಿ ಫೆಲನಾಪ್ಸಿಸ್ ಒಂದನ್ನು ಮರದ ತುಂಡಿಗೆ ಕಟ್ಟಿದೆ. ಮಾರ್ಚ್‌ನಲ್ಲಿ ದಿನಕ್ಕೆರಡು ಸಲ ನೀರು ಕೇಳುತ್ತದೆ, ಬದುಕಿದೆ, ಹೂವಿಲ್ಲ.

ಸ್ಪೈಕ್ ಕಂಡ ಮೇಲೆ ಕುಂಡ ತಿರುಗಿಸಬೇಡಿ, ಅದು ಬೆಳಕಿನ ಕಡೆ ಬಾಗಿ ಬೆಳೆಯುತ್ತದೆ, ತಿರುಗಿಸಿದರೆ ಹೂಗಳು ಸಾಲು ತಪ್ಪುತ್ತವೆ. ಹಣ್ಣಿನ ಬುಟ್ಟಿಯನ್ನು ದೂರ ಇಡಿ. ಮಾಗುವ ಬಾಳೆಹಣ್ಣು, ಮಾವಿನಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಮೊಗ್ಗು ಉದುರುತ್ತದೆ. ಅಕ್ಟೋಬರ್‌ನಲ್ಲಿ ಗೊಬ್ಬರದ ವಿಷಯದಲ್ಲಿ ನಾನು ಮಾಡುವ ಒಂದು ಬದಲಾವಣೆ ಇದೆ. ಎರಡು ಸ್ಪೈಕ್ ಬರಲು ಅದೂ ಕಾರಣ ಅಂತ ನನ್ನ ನಂಬಿಕೆ. ಅದನ್ನು ಇನ್ನೊಂದು ಚಳಿಗಾಲ ಪರೀಕ್ಷಿಸುವವರೆಗೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ದೀಪ ಹಾಕುವವರು ಮಾತ್ರ ಸೆಪ್ಟೆಂಬರ್ ದಾಟಿಸಬೇಡಿ. ಮೊದಲ ವಾರ ಬ್ಯಾಟನ್ ಒಂದೂವರೆ ಅಡಿ ಎತ್ತರದಲ್ಲಿರಲಿ, ಆಮೇಲೆ ವಾರಕ್ಕೆ ಎರಡು ಮೂರು ಅಂಗುಲ ಇಳಿಸುತ್ತಾ ಬನ್ನಿ.