ಮೊದಲು ಮಾರ್ಕೆಟ್ ನೋಡಿ, ಆಮೇಲೆ ಅಡುಗೆ ಯೋಚಿಸಿ

ನಮ್ಮಲ್ಲಿ ಜಾಸ್ತಿ ಜನ ಅಡುಗೆಯನ್ನ ಮನೆಯಲ್ಲೇ ತೀರ್ಮಾನ ಮಾಡಿಕೊಂಡು, ಚೀಟಿ ಬರೆದುಕೊಂಡು ತರಕಾರಿ ತರೋಕೆ ಹೋಗುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಜುಲೈನಲ್ಲಿ ಅವರೆಕಾಯಿ ಹುಡುಕಿ, ಬಾಡಿದ ಕಾಯಿಗೆ ದುಪ್ಪಟ್ಟು ದುಡ್ಡು ಕೊಟ್ಟು ತಂದಿದ್ದೇನೆ. ಸಾರು ಮಾಡಿದರೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಈಗ ಬರೀ ಚೀಲ ತಗೊಂಡು ಹೋಗುತ್ತೇನೆ. ಅಲ್ಲಿ ಏನಿದೆ ಅಂತ ನೋಡಿ ಅಡುಗೆ ಯೋಚಿಸುತ್ತೇನೆ.

ಯಾವ ತರಕಾರಿಯ ಕಾಲ ಅಂತ ತಿಳಿಯೋಕೆ ಪುಸ್ತಕ ಬೇಡ. ಒಂದೇ ತರಕಾರಿ ಎಲ್ಲ ಗಾಡಿಯಲ್ಲೂ ರಾಶಿ ಬಿದ್ದಿದ್ದು, ಹೋದ ವಾರಕ್ಕಿಂತ ರೇಟು ಇಳಿದಿದ್ದರೆ ಅದರ ಕಾಲ ಅಂತ ಅರ್ಥ. ಗೊತ್ತಾಗದಿದ್ದರೆ ಗಾಡಿಯವರನ್ನೇ ಕೇಳಿ, ಇವತ್ತು ಹೊಸದಾಗಿ ಬಂದಿರೋದು ಯಾವುದು ಅಂತ. ಇನ್ನೊಂದು ಸುಲಭದ ದಾರಿ ನಮ್ಮ ಹಬ್ಬಗಳು. ಯುಗಾದಿಗೆ ಬೇವಿನ ಹೂವು, ಮಾವಿನಕಾಯಿ. ರಾಮನವಮಿಗೆ ಪಾನಕ, ಕೋಸಂಬರಿ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಸಂಕ್ರಾಂತಿಗೆ ಕಬ್ಬು, ಗೆಣಸು, ಅವರೆಕಾಯಿ. ಹಬ್ಬದ ಎಲೆಯಲ್ಲಿ ಏನು ಬಡಿಸುತ್ತಾರೋ ಅದು ಹೆಚ್ಚುಕಮ್ಮಿ ಆಗ ಹೊಲದಲ್ಲಿ, ತೋಟದಲ್ಲಿ ಇರುವುದೇ.

ಮಾಗಿ ಕಾಲದಿಂದ ಶುರು ಮಾಡೋಣ, ನನಗೆ ಅತಿ ಇಷ್ಟದ ಕಾಲ ಅದೇ. ಬೆಂಗಳೂರು, ಮಾಗಡಿ, ಕೋಲಾರದ ಕಡೆ ಡಿಸೆಂಬರ್, ಜನವರಿ ಅಂದರೆ ಅವರೆಕಾಯಿ. ಒಂದು ಕಾಯಿ ಕೈಗೆ ತಗೊಂಡು ಉಜ್ಜಿ ನೋಡಿ. ಬೆರಳಿಗೆ ಜಿಡ್ಡು ಜಿಡ್ಡಾಗಿ ಅಂಟಿ, ಘಮ್ ಅಂತ ಒಂದು ವಾಸನೆ ಬಂದರೆ ಅದೇ ಸೊಗಡು. ಸೋಪು ಹಾಕಿ ತೊಳೆದರೂ ಆ ವಾಸನೆ ಸುಮಾರು ಹೊತ್ತು ಕೈಯಲ್ಲೇ ಇರುತ್ತದೆ. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಸೊಗಡಿಲ್ಲದ ಕಾಯಿ ಎಷ್ಟು ದಪ್ಪ ಇದ್ದರೂ ನಾನು ತರೋದಿಲ್ಲ. ತೂತು ಇರೋ ಕಾಯಿ ಪಕ್ಕಕ್ಕಿಡಿ, ಒಳಗೆ ಹುಳ ಇರುತ್ತದೆ. ಒಂದು ಕೆಜಿ ಕಾಯಿ ಬಿಡಿಸಿದರೆ ಅರ್ಧ ಕೆಜಿ ಕಾಳೂ ಸಿಗಲ್ಲ, ಆ ಲೆಕ್ಕದಲ್ಲಿ ತನ್ನಿ.

ಹಿತಕಿದ ಬೇಳೆ ಮಾಡೋದು ಒಬ್ಬರ ಕೆಲಸ ಅಲ್ಲ. ಬಿಡಿಸಿದ ಕಾಳನ್ನ ರಾತ್ರಿ ನೀರಲ್ಲಿ ನೆನೆಹಾಕಿ. ಬೆಳಗ್ಗೆ ಮನೆಯವರೆಲ್ಲ ಸುತ್ತ ಕೂತುಕೊಂಡು ಹೆಬ್ಬೆರಳು, ತೋರುಬೆರಳ ನಡುವೆ ಕಾಳನ್ನ ಒಂದು ಸಲ ಹಿತಕಿದರೆ ಸಾಕು, ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಟಕ್ ಅಂತ ಪಾತ್ರೆಗೆ ಹಾರುತ್ತದೆ. ಮಕ್ಕಳಿಗೆ ಇದು ಆಟ ಇದ್ದ ಹಾಗೆ. ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಧನಿಯಾ, ಒಣಮೆಣಸಿನಕಾಯಿ, ಚೂರು ಚಕ್ಕೆ, ಎರಡು ಲವಂಗ ಎಣ್ಣೆಯಲ್ಲಿ ಹುರಿದು, ತೆಂಗಿನಕಾಯಿ, ಒಂದು ಚಮಚ ಹುರಿಗಡಲೆ, ಕೊತ್ತಂಬರಿ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಒಗ್ಗರಣೆಗೆ ಟೊಮೆಟೊ ಹಾಕಿ ಬಾಡಿಸಿ, ಬೇಳೆ, ನೀರು ಹಾಕಿ. ದಯವಿಟ್ಟು ಕುಕ್ಕರ್ ಮುಟ್ಟಬೇಡಿ, ಬೇಳೆ ಕರಗಿ ಗಂಜಿ ಆಗುತ್ತದೆ. ತೆರೆದ ಪಾತ್ರೆಯಲ್ಲಿ ಹತ್ತು, ಹದಿನೈದು ನಿಮಿಷ ಸಾಕು. ಒಂದು ಬೇಳೆ ತೆಗೆದು ಅದುಮಿ ನೋಡಿ, ಮೆತ್ತಗಾಗಿದ್ದರೆ ಮಸಾಲೆ, ಉಪ್ಪು ಹಾಕಿ ಎರಡು ಕುದಿ ಬರಿಸಿ ಇಳಿಸಿ. ಮುದ್ದೆಗೆ, ದೋಸೆಗೆ, ಪೂರಿಗೆ, ಯಾವುದಕ್ಕಾದರೂ ಸರಿ. ಹಿತಕೋಕೆ ಟೈಮ್ ಇಲ್ಲದವರು ಕಾಳನ್ನೇ ಬೇಯಿಸಿ ಅಕ್ಕಿಹಿಟ್ಟು, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ತೆಂಗಿನತುರಿ ಜೊತೆ ಕಲಸಿ ರೊಟ್ಟಿ ತಟ್ಟಿ. ಇಲ್ಲ ಉಪ್ಪಿಟ್ಟಿಗೆ ಹಾಕಿ.

ಇದೇ ಚಳಿಯಲ್ಲಿ ಉತ್ತರ ಕರ್ನಾಟಕದ ಕಡೆ ಹೋದರೆ ಊಟವೇ ಬೇರೆ. ಹಸಿ ಕಡಲೆ, ಕಡಲೆ ಸೊಪ್ಪು, ಹಕ್ಕರಕಿ ಸೊಪ್ಪು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಎಳ್ಳಮಾವಾಸ್ಯೆ ದಿನ ಕಲಬುರಗಿ, ಬೀದರ್ ಕಡೆಯವರು ಹೊಲಕ್ಕೇ ಬುತ್ತಿ ಹೊತ್ತುಕೊಂಡು ಹೋಗಿ, ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆಯಾಗಿ ಹೊಲದಲ್ಲಿ ಅಡುಗೆ ಎರಚಿ, ಸೊಪ್ಪು, ಕಾಳು ಎಲ್ಲ ಸೇರಿಸಿ ಮಾಡಿದ ಭಜ್ಜಿ ಉಣ್ಣುತ್ತಾರೆ. ಅಲ್ಲಿ ಯಾರಾದರೂ ಕರೆದರೆ ಬಿಡಬೇಡಿ, ಹೋಗಿ.

ಬೇಸಿಗೆಗೆ ಒಲೆ ಮುಂದೆ ಕಡಿಮೆ ನಿಲ್ಲೋ ಅಡುಗೆ ಮಾಡಿ. ಒಂದು ಹಿಡಿ ಒಂದೆಲಗ ಇಲ್ಲವೇ ದೊಡ್ಡಪತ್ರೆ ಸೊಪ್ಪನ್ನ ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ತಂಬುಳಿ ರೆಡಿ. ಕುದಿಸೋ ಹಾಗಿಲ್ಲ. ಕುಂಡದಲ್ಲಿ ದೊಡ್ಡಪತ್ರೆಯ ಒಂದು ಕಡ್ಡಿ ನೆಟ್ಟರೆ ಸಾಕು, ಸೊಪ್ಪು ಕೊಳ್ಳೋದೇ ಬೇಡ. ಹುಳಿ ಮಾವಿನಕಾಯಿ ಬರುತ್ತಲೇ ಹುಣಸೆಹಣ್ಣಿನ ಡಬ್ಬಿಯನ್ನ ಒಂದೆರಡು ತಿಂಗಳು ಪಕ್ಕಕ್ಕಿಡಿ. ಚಿತ್ರಾನ್ನಕ್ಕೆ, ಬೇಳೆ ಸಾರಿಗೆ, ಚಟ್ನಿಗೆ ಹುಳಿ ಅದರಿಂದಲೇ ಬರಲಿ. ಕಾಯಿ ಹುಳಿ ಒಂದೊಂದು ಒಂದೊಂದು ಥರ ಇರುತ್ತದೆ, ಮೊದಲು ಚೂರು ಬಾಯಿಗೆ ಹಾಕಿಕೊಂಡು ನೋಡಿ ಎಷ್ಟು ತುರಿಯಬೇಕು ಅಂತ ತೀರ್ಮಾನಿಸಿ.

ಬಿಸಿಲು ಚೆನ್ನಾಗಿರುವಾಗಲೇ ಮಳೆಗಾಲಕ್ಕೆ ಸಿದ್ಧ ಮಾಡಿಕೊಳ್ಳಬೇಕು. ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಎಲ್ಲ ಏಪ್ರಿಲ್, ಮೇ ತಿಂಗಳ ಕೆಲಸ. ಅಪಾರ್ಟ್‌ಮೆಂಟಿನಲ್ಲಿ ಟೆರೇಸ್ ಸಿಗದಿದ್ದರೆ ಬಾಲ್ಕನಿಯಲ್ಲಿ ಒಂದು ತಟ್ಟೆಯಷ್ಟಾದರೂ ಒಣಗಿಸಿ. ಹಲಸಿನ ಹಣ್ಣು ತಿಂದು ಬೀಜ ಎಸೆಯಬೇಡಿ, ತೊಳೆದು ನೆರಳಲ್ಲಿ ಆರಿಸಿಡಿ. ಮಲೆನಾಡು, ಕರಾವಳಿಯಲ್ಲಿ ಅದಕ್ಕೆ ಕೆಮ್ಮಣ್ಣು ಸವರಿ ಮಳೆಗಾಲಕ್ಕೆ ಇಡುತ್ತಿದ್ದರು.

ಮಳೆಗಾಲದಲ್ಲಿ ಸೊಪ್ಪು ಬೇಗ ಕೊಳೆಯುತ್ತದೆ, ಮಣ್ಣೂ ಜಾಸ್ತಿ. ಆವತ್ತಿಗೆ ಬೇಕಾದಷ್ಟೇ ತಂದು ಮೂರು ನೀರಲ್ಲಿ ತೊಳೆಯಿರಿ. ಬಳ್ಳಿ ತರಕಾರಿಗಳು, ಅಂದರೆ ಹೀರೆ, ಪಡವಲ, ಹಾಗಲ, ಸೋರೆ ಆಗ ಧಾರಾಳ. ಹೀರೆಕಾಯಿ ತಂದರೆ ಎರಡು ಅಡುಗೆ ಆಯ್ತು ಅಂತಲೇ ಲೆಕ್ಕ. ತಿರುಳು ಹುಳಿಗೆ. ಸಿಪ್ಪೆಯನ್ನ ಎಣ್ಣೆಯಲ್ಲಿ ಗರಿಗರಿ ಬಾಡಿಸಿ, ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಸೆ, ತೆಂಗಿನಕಾಯಿ ಜೊತೆ ತರಿತರಿಯಾಗಿ ರುಬ್ಬಿದರೆ ಚಟ್ನಿ. ಆದರೆ ಹೀರೆ, ಸೋರೆ ಹೆಚ್ಚುವಾಗ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಬೇಯಿಸಿದರೆ ಸರಿಹೋಗುತ್ತೆ ಅನ್ನಬೇಡಿ, ಎಸೆದುಬಿಡಿ, ಕಹಿ ಸೋರೆಕಾಯಿ ತಿಂದು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದವರಿದ್ದಾರೆ.

ಮಲೆನಾಡಿನ ನೆಂಟರು ಕಳಲೆ ಕಳಿಸಿದರೆ ಅವಸರ ಮಾಡಬೇಡಿ. ಎಳೆ ಬಿದಿರಿನಲ್ಲಿ ವಿಷದ ಅಂಶ ಇರುತ್ತದೆ, ಹಸಿಯಾಗಿ ತಿನ್ನಲೇಬಾರದು. ಸಣ್ಣಗೆ ಹೆಚ್ಚಿ ಎರಡು, ಮೂರು ದಿನ ನೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಿ ಆ ನೀರನ್ನೂ ಚೆಲ್ಲಿ. ಪತ್ರೊಡೆಗೆ ಕೆಸುವಿನ ಎಲೆ ತಂದರೆ ದಂಟು, ದಪ್ಪ ನರ ತೆಗೆದು, ಹಿಟ್ಟಿಗೆ ಹುಣಸೆ ಕೈತುಂಬ ಹಾಕಿ. ಹುಳಿ ಕಡಿಮೆಯಾದರೆ, ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ.

ಹೊರದೇಶದಲ್ಲಿ ಇರುವವರು ನಮಗೆ ಇದೆಲ್ಲ ಎಲ್ಲಿ ಸಿಗುತ್ತೆ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಫ್ರೀಜರ್‌ನ ಅವರೆಕಾಳು ಇದ್ದೇ ಇದೆ, ಆಸೆಯಾದಾಗ ತನ್ನಿ. ಆದರೆ ದಿನದ ಅಡುಗೆಗೆ ನಿಮ್ಮೂರಿನ ರೈತರ ಮಾರ್ಕೆಟ್ಟಿಗೆ ಹೋಗಿ ನೋಡಿ. ಅಮೆರಿಕದ ಬೇಸಿಗೆಯಲ್ಲಿ ರಾಶಿ ಬೀಳೋ ಜುಕಿನಿಯನ್ನ ಹೀರೆಕಾಯಿ ಥರ ಹುಳಿಗೆ, ಮಜ್ಜಿಗೆ ಹುಳಿಗೆ ಹಾಕಬಹುದು, ಬೇಗ ಬೇಯುತ್ತದೆ, ಕೊನೆಯಲ್ಲಿ ಹಾಕಿ. ವಸಂತದಲ್ಲಿ ಬರೋ ರೂಬಾರ್ಬ್ ದಂಟು ಮಾವಿನಕಾಯಿಯಷ್ಟೇ ಹುಳಿ. ಅದನ್ನ ಬೆಲ್ಲ, ಮೆಂತ್ಯ, ಒಣಮೆಣಸಿನಕಾಯಿ ಹಾಕಿ ಗೊಜ್ಜು ಮಾಡಿ. ಅದರ ಎಲೆ ಮಾತ್ರ ವಿಷ, ಕತ್ತರಿಸಿ ಎಸೆದು ಬರೀ ದಂಟು ಬಳಸಿ.