ಹೊಸ ಐಡಿಯಾ ಬೇಕಾ? ಮೊದಲು ಹಳೆಯದಕ್ಕೆ ಉತ್ತರ ಕೊಡಿ

ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳದ ಕಡೆ ಹದಿನೈದಿಪ್ಪತ್ತು ಜನರನ್ನು ಇಟ್ಟುಕೊಂಡು ಸಣ್ಣ ವರ್ಕ್‌ಶಾಪ್ ನಡೆಸುವವರು ತಮ್ಮ ಕೆಲಸಗಾರರಿಂದ ಹೊಸ ಐಡಿಯಾ ಪಡೆಯುವುದು ಹೇಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಗದಗದ ಪ್ರೆಸ್ಸಿಗೂ ಹಾವೇರಿಯ ಗೋಡೌನಿಗೂ ಇದೇ ನಡೆಯುತ್ತದೆ.

"ನಮ್ಮ ಹುಡುಗರು ತಲೆನೇ ಓಡ್ಸೂದಿಲ್ರಿ" ಅಂತ ಮಾಲಕರು ಹೇಳುವುದನ್ನು ಬಹಳ ಸಲ ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ದಿನಾ ಎಂಟು ತಾಸು ಲೇಥ್ ಮಷಿನ್ ಮುಂದೆ ನಿಲ್ಲುವವನಿಗೆ ಟೈಮ್ ಎಲ್ಲಿ ಹಾಳಾಗುತ್ತದೆ, ಯಾವ ಜಾಬ್ (ಮಷಿನ್ನಿಗೆ ಏರಿಸುವ ತುಂಡು) ಕಟ್ಟುವಾಗ ಕೈ ಸೋಲುತ್ತದೆ ಅನ್ನೋದು ನಿಮಗಿಂತ ಚೆನ್ನಾಗಿ ಗೊತ್ತು. ಅವನು ಎಂದೋ ಒಮ್ಮೆ "ಸರ, ಹಿಂಗ ಮಾಡಿದ್ರ ಹೆಂಗ್ರಿ?" ಅಂತ ಕೇಳಿರುತ್ತಾನೆ, "ನೋಡೂಣ ತಗೋ" ಅಂತ ಉತ್ತರ ಬಂದಿರುತ್ತದೆ, ಆಮೇಲೆ ಯಾರೂ ನೋಡಿರುವುದಿಲ್ಲ. ಎರಡನೇ ಸಲ ಯಾಕೆ ಬಾಯಿ ಬಿಡ್ತಾನೆ?

ಹಾಗಾಗಿ ಬೀಗ ಹಾಕಿದ ಸಲಹೆ ಪೆಟ್ಟಿಗೆ ಬೇಡ. ಒಳಗೆ ಹೋದ ಚೀಟಿ ಏನಾಯಿತು ಅಂತ ಯಾರಿಗೂ ಕಾಣಲ್ಲ. ಎಲ್ಲರೂ ಚಹಾ ಕುಡಿಯುವ ಜಾಗದಲ್ಲಿ ಒಂದು ಬೋರ್ಡ್ ಹಾಕಿ. ಏನು ಸಲಹೆ, ಯಾರು ಹೇಳಿದರು, ಏನಾಯಿತು, ಅಷ್ಟೇ ಬರೆಯಿರಿ. ವಾರದೊಳಗೆ ಉತ್ತರ ಬರಲೇಬೇಕು. "ಆಗುವುದಿಲ್ಲ" ಅಂತಿದ್ದರೂ ಪರವಾಗಿಲ್ಲ, ಯಾಕೆ ಅಂತ ಕಾರಣ ಇರಲಿ. ಬರೆಯಲು ಹಿಂಜರಿಯುವವರ ಮಾತನ್ನು ಸೂಪರ್‌ವೈಸರ್ ಬರೆದುಕೊಡಲಿ, ಆದರೆ ಹೆಸರು ಹೇಳಿದವನದೇ ಇರಬೇಕು, ಅದು ಹೆಲ್ಪರ್ ಆಗಿದ್ದರೂ. ಟೊಯೊಟಾ ಕಂಪನಿ ಕೆಲಸಗಾರರಿಂದ ಸಲಹೆ ಪಡೆಯುವ ಪದ್ಧತಿಯನ್ನು 1951ರಲ್ಲಿ ಶುರು ಮಾಡಿ ಇವತ್ತಿಗೂ ನಡೆಸಿಕೊಂಡು ಬಂದಿದೆ. ಅಂಥ ಕಂಪನಿಗೇ ಇದು ಬೇಕು ಅಂದಮೇಲೆ ನಮಗೆ ಬೇಡವಾ?

"ಏನಾದರೂ ಹೊಸದು ಹೇಳ್ರಪ್ಪ" ಅಂದರೆ ಎಲ್ಲರೂ ಸುಮ್ನೆ ನೆಲ ನೋಡುತ್ತಾರೆ. ಪ್ರಶ್ನೆ ಸಣ್ಣದಿರಲಿ. ಒಂದು ಜಾಬ್ ಇಳಿಸಿ ಇನ್ನೊಂದು ಏರಿಸೋಕೆ ಇಷ್ಟು ಹೊತ್ತು ಯಾಕೆ ಹಿಡಿಯುತ್ತದೆ ಅಂತ ಕೇಳಿ ನೋಡಿ.

ಮೀಟಿಂಗ್ ಮಾಡುವುದಾದರೆ ಮೊದಲ ಹತ್ತು ನಿಮಿಷ ಮಾತು ಬೇಡ, ಒಬ್ಬೊಬ್ಬರೇ ಚೀಟಿಯಲ್ಲಿ ಬರೆಯಲಿ. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿದ್ದರು. ಗುಂಪಾಗಿ ಕೂತು ಯೋಚಿಸಿದವರಿಗಿಂತ, ಅಷ್ಟೇ ಜನ ಬೇರೆ ಬೇರೆ ಕೂತು ಯೋಚಿಸಿದಾಗ ಜಾಸ್ತಿ ಐಡಿಯಾ ಬಂದವು. ನಮ್ಮಲ್ಲಂತೂ ಸಾವಕಾರ್ರು ಮೊದಲು ಮಾತಾಡಿದರೆ ಉಳಿದವರೆಲ್ಲ "ಹೌದ್ರಿ" ಅಂದು ಮುಗಿಸುತ್ತಾರೆ. ನೀವು ಕೊನೆಗೆ ಮಾತಾಡಿ.

ಯಾವುದನ್ನು ಮುಟ್ಟಬಾರದು ಅಂತಲೂ ಮೊದಲೇ ಹೇಳಿಬಿಡಿ. ನಮ್ಮ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ಮಾಡುತ್ತಾರಲ್ವಾ, ಅಲ್ಲಿ ಉದ್ದ ಅಗಲದ ಲೆಕ್ಕ 3:2. ಅದನ್ನು ಯಾರೂ ಬದಲಿಸುವ ಹಾಗಿಲ್ಲ. ನಿಮ್ಮ ವಾಲ್ವಿನ ಪ್ರೆಶರ್ ಟೆಸ್ಟ್, ಡ್ರಾಯಿಂಗ್‌ನ ಅಳತೆ, ಮಷಿನ್ನಿನ ಗಾರ್ಡ್ ಕೂಡ ಹಾಗೆಯೇ. ಟೂಲ್ ಎಲ್ಲಿಡಬೇಕು, ಜಿಗ್ (ಜಾಬನ್ನು ಸರಿಯಾಗಿ ಹಿಡಿದಿಡುವ ಸಾಧನ) ಹೇಗಿರಬೇಕು, ಯಾವ ಕೆಲಸ ಮೊದಲು ಅನ್ನುವುದರಲ್ಲಿ ಧಾರಾಳವಾಗಿ ಬಿಡಿ. ಹೊಸದನ್ನು ಒಂದೇ ಮಷಿನ್ನಿನ ಮೇಲೆ, ಒಂದೇ ದಿನ, ಸ್ಕ್ರ್ಯಾಪ್ ಮಟೀರಿಯಲ್‌ನಲ್ಲಿ ಮಾಡಿ ನೋಡಿದರೆ ಕೆಟ್ಟರೂ ನಷ್ಟ ಜಾಸ್ತಿ ಆಗಲ್ಲ. ಕೆಟ್ಟಿತು ಅಂತ ಐಡಿಯಾ ಕೊಟ್ಟವನನ್ನು ನಾಲ್ಕು ಜನರ ಮುಂದೆ ಬೈದಿರೋ, ಆ ಬೋರ್ಡ್ ಖಾಲಿ ಉಳಿಯುತ್ತದೆ.

ಬಹುಮಾನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೊಡಿ, ಒಳ್ಳೆಯದೇ. ಆದರೆ ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಯಾರದೋ ಐಡಿಯಾದಿಂದ ದಿನಕ್ಕೆ ಅರ್ಧ ತಾಸು ಉಳಿಯಿತು ಅಂತಿಟ್ಟುಕೊಳ್ಳಿ. ಮರುದಿನವೇ ಟಾರ್ಗೆಟ್ ಏರಿಸಿದರೆ, ಪೀಸ್ ರೇಟ್ ಇಳಿಸಿದರೆ, ಇಲ್ಲವೇ ಒಬ್ಬ ಹೆಲ್ಪರನ್ನು ಬಿಡಿಸಿದರೆ, ತಲೆ ಓಡಿಸಿದ್ದಕ್ಕೆ ಶಿಕ್ಷೆ ಕೊಟ್ಟ ಹಾಗಾಯಿತು. ಇದು ಅನ್ಯಾಯ ಅಂತಲೇ ನನಗನಿಸುತ್ತದೆ. ಉಳಿದ ಹೊತ್ತಿನಲ್ಲಿ ಸ್ವಲ್ಪವನ್ನಾದರೂ ಅವರಿಗೇ ಬಿಡಿ, ಮುಂದಿನದನ್ನು ಮಾಡಿ ನೋಡಲಿ. ಐಡಿಯಾದಿಂದ ಯಾರ ಕೆಲಸಕ್ಕೂ ಕುತ್ತು ಬರುವುದಿಲ್ಲ ಅಂತ ಮೊದಲ ದಿನವೇ ಎಲ್ಲರನ್ನೂ ಸೇರಿಸಿ ಬಾಯಿಬಿಟ್ಟು ಹೇಳಿ.

ತಿಂಗಳ ಕೊನೆಯ ವಾರ ಮಾತ್ರ ಶುರು ಮಾಡಬೇಡಿ. ಆಗ ಡಿಸ್ಪ್ಯಾಚ್ ಗದ್ದಲದಲ್ಲಿ ಯಾರಿಗೂ ಪುರುಸೊತ್ತಿರಲ್ಲ. ಎರಡನೇ ವಾರ ಬೋರ್ಡ್ ಹಾಕಿ, ನಿಮಗೆ ಹಿಂದೆ ಯಾರಾದರೂ ಹೇಳಿ ನೀವು ಉತ್ತರ ಕೊಡದೆ ಬಿಟ್ಟಿದ್ದ ಒಂದು ಸಲಹೆಯನ್ನು ಅವರ ಹೆಸರಿನ ಸಮೇತ ಮೊದಲು ನೀವೇ ಬರೆಯಿರಿ.