ಹಳೇ ಕಾರಿನ ಡೋರ್ ಪ್ಯಾನೆಲ್ ಕ್ಲಿಪ್ ಕೂರುತ್ತಿಲ್ವಾ? ಗುದ್ದೋಕೆ ಮುಂಚೆ ಇದನ್ನು ಓದಿ

ಬಾಡಿ ಕೆಲಸ ಮುಗಿದಿದೆ, ಪೇಂಟ್ ಆಗಿದೆ, ಬಾಗಿಲಿನ ಒಳಬದಿ ಮುಚ್ಚೋ ಹೊಸ ಡೋರ್ ಪ್ಯಾನೆಲ್ ಕೂಡ ರೆಡಿ ಇದೆ. ಅದನ್ನು ಬಾಗಿಲಿಗೆ ಹಿಡಿಸೋ ಕ್ಲಿಪ್ ಮಾತ್ರ ತಗಡಿನ ತೂತಿನೊಳಗೆ ಹೋಗಲ್ಲ ಅಂತ ಹಟ ಹಿಡಿದಿದೆ. ಆಗ ಎಲ್ಲರ ಕೈಯೂ ಮುಷ್ಟಿ ಆಗುತ್ತೆ. ಎರಡು ಗುದ್ದು ಬಿದ್ದರೆ ಒಂದೋ ಕ್ಲಿಪ್‌ನ ಕಾಲು ಮುರಿಯುತ್ತೆ, ಇಲ್ಲ ಪ್ಯಾನೆಲ್ ಹಿಂದಿನ ಹಲಗೆ ಕಿತ್ತುಬರುತ್ತೆ.

ಕ್ಲಿಪ್ ಕೂರದೇ ಇರೋಕೆ ಕಾರಣ ಬಹುಮಟ್ಟಿಗೆ ಮೂರೇ. ತೂತು ಕಿರಿದಾಗಿದೆ, ಕ್ಲಿಪ್ ತೂತಿನ ನೇರಕ್ಕೆ ಇಲ್ಲ, ಅಥವಾ ನಡುವೆ ಏನೋ ದಪ್ಪ ಜಾಸ್ತಿ ಆಗಿದೆ. ಈ ಮೂರರಲ್ಲಿ ಯಾವುದಕ್ಕೂ ಬಲ ಔಷಧಿ ಅಲ್ಲ.

ಅದಕ್ಕೇ ಮೊದಲು ಪ್ಯಾನೆಲ್ ಪಕ್ಕಕ್ಕಿಟ್ಟು, ಬರೀ ಕ್ಲಿಪ್ ತೆಗೆದುಕೊಂಡು ಬಾಗಿಲಿನ ಪ್ರತಿಯೊಂದು ತೂತಿಗೂ ಹೆಬ್ಬೆರಳಲ್ಲಿ ಒತ್ತಿ ನೋಡಿ. ಸ್ವಲ್ಪ ಬಿಗಿಯಾಗಿ ಒಳಗೆ ಹೋಗಿ, ಎಳೆದರೆ ಮಾತ್ರ ಹೊರಗೆ ಬಂದರೆ ತೂತು ಸರಿಯಾಗಿದೆ. ಹೋಗದಿದ್ದರೆ ತಪ್ಪು ತೂತಿನದು. ಸುಮ್ನೆ ಜಾರಿ ಬಿದ್ದರೆ ಕ್ಲಿಪ್ ಸೈಜೇ ಬೇರೆ. ಹತ್ತು ನಿಮಿಷದ ಕೆಲಸ, ಆದರೆ ಅರ್ಧ ತಲೆನೋವು ಇಲ್ಲೇ ಮುಗಿಯುತ್ತೆ.

ತೂತು ಕಿರಿದಾಗೋದು ಪೇಂಟ್‌ನಿಂದ. ಪ್ರೈಮರ್, ಬಣ್ಣ, ಅದರ ಮೇಲೆ ಕ್ಲಿಯರ್ ಕೋಟ್, ಹೀಗೆ ಒಂದೊಂದೇ ಪದರ ತೂತಿನ ಅಂಚಿಗೆ ಕೂತುಬಿಡುತ್ತೆ, ಪೌಡರ್ ಕೋಟಿಂಗ್ ಮಾಡಿಸಿದ್ದರಂತೂ ಇನ್ನೂ ದಪ್ಪ. ಅಳೆಯೋಕೆ ಒಂದು ಸುಲಭ ದಾರಿ ಇದೆ. ಡ್ರಿಲ್ ಬಿಟ್‌ಗಳ ಹಿಂಬದಿಯ ನುಣುಪಾದ ತುದಿಯನ್ನು ಒಂದೊಂದಾಗಿ ತೂತಿಗೆ ಹಾಕಿ, ಅಲುಗಾಡದೆ ಕೂರೋದು ಯಾವುದೋ ಅದೇ ತೂತಿನ ಅಳತೆ. ಹಳೇ ಬ್ರಿಟಿಷ್, ಅಮೆರಿಕನ್ ಕಾರುಗಳ ತೂತುಗಳು ಇಂಚಿನ ಲೆಕ್ಕದಲ್ಲಿ ಇರುತ್ತವೆ ಅನ್ನೋದು ನೆನಪಿರಲಿ. ಕಾಲು ಇಂಚು ಅಂದರೆ 6.35 ಮಿ.ಮೀ. ಅದಕ್ಕೆ 6 ಮಿ.ಮೀ. ಕ್ಲಿಪ್ ತಂದು ಹಾಕಿದರೆ ಮೊದಲ ದಿನ ಕೂತಂತೆ ಕಾಣುತ್ತೆ, ಬಾಗಿಲು ನಾಲ್ಕು ಸಲ ಜೋರಾಗಿ ಹಾಕಿದ ಮೇಲೆ ಗಡಗಡ ಅನ್ನೋಕೆ ಶುರು.

ಕಿರಿದಾದ ತೂತಿಗೆ ಸಣ್ಣ ದುಂಡು ಅರ ಸಾಕು. ಮೆಟ್ಟಿಲು ಮೆಟ್ಟಿಲಾಗಿ ದಪ್ಪ ಆಗುವ ಸ್ಟೆಪ್ ಡ್ರಿಲ್ ಬಿಟ್ ಇದ್ದರೆ ಅದನ್ನು ಕೈಯಲ್ಲೇ ತಿರುಗಿಸಿ, ಮೆಷಿನ್‌ಗೆ ಹಾಕಬೇಡಿ. ತೆಗೆಯಬೇಕಾಗಿರೋದು ಪೇಂಟ್ ಮತ್ತು ಅಂಚಿನ ಮುಳ್ಳು ಮಾತ್ರ, ತಗಡನ್ನಲ್ಲ. ತಗಡು ಹೊಳೆದು ಕಂಡಲ್ಲಿ ಜಿಂಕ್ ಪ್ರೈಮರನ್ನು ತೆಳ್ಳಗೆ ಸವರಿ ಪೂರ್ತಿ ಒಣಗಲು ಬಿಡಿ. ಇದನ್ನು ಬಿಟ್ಟರೆ ಮುಂದೆ ತುಕ್ಕು ಹಿಡಿಯೋದು ಅಲ್ಲಿಂದಲೇ.

ಇನ್ನು ಕ್ಲಿಪ್. ಎರಡು ಕಾಲಿನ ಸ್ಪ್ರಿಂಗ್ ಸ್ಟೀಲ್ ಕ್ಲಿಪ್ ಆದರೆ ಕಾಲುಗಳ ತುದಿಯನ್ನು ಇಕ್ಕಳದಿಂದ ಚೂರೇ ಚೂರು ಒಳಕ್ಕೆ ಒತ್ತಿ, ಆಗ ತುದಿ ತೂತಿನ ದಾರಿ ಹಿಡಿಯುತ್ತೆ. ಉಬ್ಬಿರುವ ಸೊಂಟವನ್ನು ಮುಟ್ಟಬೇಡಿ. ಹಿಡಿತ ಇರೋದೇ ಅಲ್ಲಿ. ಹಲ್ಲುಹಲ್ಲಾಗಿರುವ ನೈಲಾನ್ ಕ್ಲಿಪ್, ಅದೇ ಕ್ರಿಸ್‌ಮಸ್ ಟ್ರೀ ಕ್ಲಿಪ್, ಒಣಗಿ ತಣ್ಣಗಿದ್ದಾಗ ಪಟ್ಟನೆ ಮುರಿಯುತ್ತೆ. ಬಿಸಿನೀರಲ್ಲಿ ಸ್ವಲ್ಪ ಹೊತ್ತು ನೆನೆಹಾಕಿ ತಕ್ಷಣ ಹಾಕಿದರೆ ಬಾಗುತ್ತೆ, ಮುರಿಯಲ್ಲ. ನೈಲಾನ್ ನೀರು ಹೀರಿಕೊಂಡಷ್ಟೂ ಮೆತ್ತಗಾಗುತ್ತೆ. ಹೀಟ್ ಗನ್ ಬೇಡ. ಕ್ಲಿಪ್ ಬಿಸಿಯಾಗೋ ಹೊತ್ತಿಗೆ ಪಕ್ಕದ ವಿನೈಲ್ ಸುಕ್ಕಾಗಿರುತ್ತೆ. ಜಾರಲಿ ಅಂತ ಹಚ್ಚೋದಾದರೆ ಒಂದು ಹನಿ ಸೋಪುನೀರು ಸಾಕು. ಎಣ್ಣೆ ಹಚ್ಚಿದರೆ ಅದು ಹಲಗೆಗೆ ಇಳಿದು ಬಟ್ಟೆ ಮೇಲೆ ಕಲೆಯಾಗಿ ಬರುತ್ತೆ. ಸಿಲಿಕೋನ್ ಸ್ಪ್ರೇ ಹೊಡೆದ ಜಾಗದಲ್ಲಿ ಆಮೇಲೆ ಗಮ್ ಆಗಲಿ ಪೇಂಟ್ ಆಗಲಿ ನಿಲ್ಲಲ್ಲ.

ಬಾಗಿಲಿನ ತೂತು, ಕ್ಲಿಪ್ ಎರಡೂ ಸರಿ ಇದ್ದೂ ಕೂರುತ್ತಿಲ್ಲ ಅಂದರೆ ಪ್ಯಾನೆಲ್ ತಿರುಗಿಸಿ ನೋಡಿ. ಹೊಸ ವಿನೈಲ್, ಅದರ ಕೆಳಗೆ ಹೊಸ ಸ್ಪಂಜು, ಅಂಚಿನಲ್ಲಿ ಮಡಚಿ ಅಂಟಿಸಿದ ಬಟ್ಟೆ, ಇದೆಲ್ಲ ಸೇರಿ ಮೂಲ ಪ್ಯಾನೆಲ್‌ಗಿಂತ ಎರಡು ಮೂರು ಮಿ.ಮೀ. ದಪ್ಪ ಆಗಿಬಿಟ್ಟಿರುತ್ತೆ, ಕ್ಲಿಪ್‌ನ ಕಾಲು ಅಷ್ಟು ದೂರ ಚಾಚೋದೇ ಇಲ್ಲ. ಮೂಲೆಗಳಲ್ಲಿ ಮಡಿಕೆ ಮೇಲೆ ಮಡಿಕೆ ಬಿದ್ದಿರುತ್ತೆ, ಅಲ್ಲಿ ಬ್ಲೇಡ್ ಹಾಕಿ ಹೆಚ್ಚಿನದನ್ನು ಕತ್ತರಿಸಿ. ಕ್ಲಿಪ್ ತಲೆ ಕೂರುವ ಕೀಲಿತೂತು ನೀರು ಕುಡಿದು ಉಬ್ಬಿದ್ದರೆ ಒಣಗಿಸಿ, ಅಂಚಿಗೆ ತೆಳು ಸೂಪರ್ ಗ್ಲೂ ಇಳಿಸಿ ಗಟ್ಟಿ ಮಾಡಿ. ಹರಿದೇಹೋಗಿದ್ದರೆ ತೆಳ್ಳನೆ ಪ್ಲಾಸ್ಟಿಕ್ ಹಾಳೆಯಲ್ಲಿ ಅದೇ ಆಕಾರದ ತೂತು ಕೊರೆದು ಹಿಂದಿನಿಂದ ಅಂಟಿಸಬಹುದು. ಕೀಲಿತೂತಿನಲ್ಲಿ ಕ್ಲಿಪ್ ಸ್ವಲ್ಪ ಅತ್ತಿತ್ತ ಜಾರಬೇಕು. ಅದು ಲೂಸ್ ಅಂತ ಗಮ್ ಹಾಕಿ ಬಿಗಿ ಮಾಡೋರಿದ್ದಾರೆ, ಆಮೇಲೆ ಒಂದು ಕ್ಲಿಪ್ಪೂ ನೇರಕ್ಕೆ ಬರಲ್ಲ.

ಜೋಡಿಸೋ ಮೊದಲು ಬಾಗಿಲಿನ ಪ್ಲಾಸ್ಟಿಕ್ ಹಾಳೆ ಮರೆಯಬೇಡಿ. ಕಿಟಕಿ ರಬ್ಬರ್ ದಾಟಿ ಬಾಗಿಲೊಳಗೆ ಮಳೆನೀರು ಬಂದೇ ಬರುತ್ತೆ, ಕೆಳಗಿನ ತೂತುಗಳಿಂದ ಹೊರಗೆ ಹೋಗುತ್ತೆ. ಹಾಳೆ ಇಲ್ಲದಿದ್ದರೆ ಆ ನೀರು ಹೊಸ ಹಲಗೆಗೆ. ಹಾಳೆಯ ಅಂಚನ್ನು ಬ್ಯೂಟೈಲ್ ಟೇಪಿನಿಂದ (ರಬ್ಬರಿನಂಥ ಮೆತ್ತನೆ ಅಂಟುಪಟ್ಟಿ) ಅಂಟಿಸಿ, ಕೆಳತುದಿಯನ್ನು ಬಾಗಿಲೊಳಕ್ಕೆ ಸಿಕ್ಕಿಸಿ. ಟೇಪ್ ಕ್ಲಿಪ್ ತೂತಿನ ಮೇಲೆ ಬರದ ಹಾಗೆ ನೋಡಿಕೊಳ್ಳಿ, ಬಂದರೆ ಮತ್ತೆ ದಪ್ಪದ ಸಮಸ್ಯೆ.

ಈಗ ಬಾಗಿಲಿನ ಅಂಚಿನ ತಗಡಿನ ಮೇಲೆ, ಪ್ರತಿ ತೂತಿನ ನೇರಕ್ಕೂ ಒಂದೊಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ ಪೆನ್ನಿನಲ್ಲಿ ಗೆರೆ ಎಳೆಯಿರಿ. ಪ್ಯಾನೆಲ್ ಮುಚ್ಚಿದ ಮೇಲೆ ತೂತು ಎಲ್ಲಿದೆ ಅಂತ ಹೇಳೋದು ಈ ಗೆರೆ ಒಂದೇ. ಪ್ಯಾನೆಲ್‌ನ ಮೇಲಂಚು ಕಿಟಕಿಯ ತಳಕ್ಕೆ ಸಿಕ್ಕಿಕೊಳ್ಳುವಂಥದ್ದಾದರೆ ಮೊದಲು ಅದನ್ನು ಸಿಕ್ಕಿಸಿ, ತೂಗುಬಿಡಿ. ಒಂದು ಮೂಲೆಯಿಂದ ಶುರು ಮಾಡಿ ಸಾಲಾಗಿ ಹೋಗಿ. ಪ್ಯಾನೆಲ್ ಮತ್ತು ತಗಡಿನ ಸಂದಿಗೆ ಟಾರ್ಚ್ ಬಿಟ್ಟು, ಕ್ಲಿಪ್ ತುದಿ ತೂತಿನ ಬಾಯಿಗೆ ಬಂದಿದೆಯಾ ನೋಡಿ, ಬಂದಿಲ್ಲದಿದ್ದರೆ ಬಾಗಿಸಿದ ತಂತಿಯಿಂದ ಜರುಗಿಸಿ. ಆಮೇಲೆ ಅಂಗೈಯ ಬುಡದಿಂದ ಸರಿಯಾಗಿ ಕ್ಲಿಪ್ ಮೇಲೇ ಒತ್ತಿ. ಟಕ್ ಅಂದರೆ ಕೂತಿತು. ದಬ್ ಅಂತ ಮಂಕಾದ ಸದ್ದು ಬಂದು ಪ್ಯಾನೆಲ್ ವಾಪಸ್ ಹೊರಳಿದರೆ ಕ್ಲಿಪ್ ತಗಡಿಗೆ ತಾಗಿದೆ ಅಂತ ಅರ್ಥ, ಅಲ್ಲೇ ನಿಲ್ಲಿಸಿ. ಬಿಚ್ಚುವಾಗ ಕವಲು ತುದಿಯ ಟ್ರಿಮ್ ಟೂಲನ್ನು ಆ ಕ್ಲಿಪ್‌ನ ಎರಡೂ ಬದಿಗೆ ಬರುವಂತೆ ತೂರಿಸಿ ಎತ್ತಿ, ಪ್ಯಾನೆಲ್ ಹಿಡಿದು ಎಳೆಯಬೇಡಿ. ರಬ್ಬರ್ ಸುತ್ತಿಗೆಯನ್ನು ನಾನು ಪೆಟ್ಟಿಗೆಯಲ್ಲೇ ಬಿಡುತ್ತೇನೆ.

ಸ್ಕ್ರೂ ವಿಷಯ. ಹಳೇ ತೂತಿಗೆ ಸ್ಕ್ರೂ ಇಟ್ಟು ಮೊದಲು ಉಲ್ಟಾ ತಿರುಗಿಸಿ. ಸಣ್ಣಗೆ ಕುಳಿತಂತೆ ಅನ್ನಿಸಿದಾಗ ಹಳೇ ಮರೆ, ಅಂದರೆ ಥ್ರೆಡ್, ಸಿಕ್ಕಿತು, ಅಲ್ಲಿಂದ ಬಿಗಿ ಮಾಡಿ. ಮರೆ ಸವೆದಿದ್ದರೆ ಒಂದು ಸೈಜ್ ದಪ್ಪದ ಸ್ಕ್ರೂ, ಇಲ್ಲವೇ ತಗಡಿನ ಅಂಚಿಗೆ ಸಿಕ್ಕಿಸೋ ಯು ಆಕಾರದ ನಟ್, ಅದೇ ಯು-ನಟ್. ಸ್ಕ್ರೂ ತಲೆಯಲ್ಲಿ ಕೂಡು ಗುರುತಿನ ನಡುವೆ ನಾಲ್ಕು ಸಣ್ಣ ಗೆರೆ ಇದ್ದರೆ ಅದು ಪೋಜಿಡ್ರೈವ್, ಮಾಮೂಲಿ ಫಿಲಿಪ್ಸ್ ಅಲ್ಲ. ಹಳೇ ಜಪಾನಿ ಕಾರುಗಳಲ್ಲಿ ಬರೋದು ಜೆಐಎಸ್, ಅಂದರೆ ಜಪಾನಿನದೇ ಮಾನದಂಡದ ಕೂಡು ತಲೆ. ಒಂದಕ್ಕೆ ಇನ್ನೊಂದರ ಸ್ಕ್ರೂಡ್ರೈವರ್ ಹಾಕಿದರೆ ತಲೆ ಕಿತ್ತುಹೋಗಬಹುದು. ಮೂಲ ಸ್ಕ್ರೂಗಿಂತ ಉದ್ದದ್ದು ಹಾಕಲೇಬೇಡಿ, ಹಿಂದೆ ಗಾಜು ಅಥವಾ ವೈರ್ ಇರುತ್ತೆ.

ಸ್ಕ್ರೂ ಹಾಕೋ ಜಾಗದಲ್ಲಿ ಕಾರ್ಪೆಟ್ ಇದ್ದು, ಅದಕ್ಕೆ ಡ್ರಿಲ್ ಹಾಕಿದರೆ ಬಿಟ್ ಒಂದು ಎಳೆ ಹಿಡಿದು ಉದ್ದಕ್ಕೂ ಸುಲಿಯುತ್ತಾ ಹೋಗುತ್ತೆ. ನೈಲಾನ್ ಕಾರ್ಪೆಟ್ ಆದರೆ ಕಾಯಿಸಿದ ದಬ್ಬಳದಿಂದ ತೂತು ಮಾಡಿ, ಉಣ್ಣೆಯದ್ದಾದರೆ ಚಿಕ್ಕ ಸೀಳು ಕೊಡಿ. ಸ್ಕ್ರೂ ತಲೆ ಕೂರುವ ಬಟ್ಟಲಿನಂಥ ಕಪ್ ವಾಷರ್ ಬಟ್ಟೆಗೆ ತಾಗಿ ನಿಂತರೆ ಸಾಕು, ಗುಳಿ ಬೀಳುವಷ್ಟು ಬೇಡ.

ಕೊನೆಗೆ ಕಿಟಕಿ ತಿರುಗಿಸೋ ಹ್ಯಾಂಡಲ್. ಕುದುರೆ ಲಾಳದ ಆಕಾರದ ಕ್ಲಿಪ್ ಇರುವಂಥದ್ದಾದರೆ, ಹ್ಯಾಂಡಲ್ ಹಾಕಿ ಆಮೇಲೆ ಕ್ಲಿಪ್ ತುರುಕೋಕೆ ಒದ್ದಾಡಬೇಡಿ. ಕ್ಲಿಪ್ಪನ್ನು ಮೊದಲೇ ಹ್ಯಾಂಡಲ್‌ನ ಕಾಲುವೆಯಲ್ಲಿ ಕೂರಿಸಿ, ಗಾಜು ಪೂರ್ತಿ ಮೇಲಿದ್ದಾಗ ಇನ್ನೊಂದು ಬಾಗಿಲಿನ ಹ್ಯಾಂಡಲ್ ಯಾವ ಕಡೆ ಮುಖ ಮಾಡಿದೆಯೋ ಹಾಗೇ ಇದನ್ನೂ ಬಾಗಿಲಿಂದ ಹೊರಬಂದ ಶಾಫ್ಟಿನ ಹಲ್ಲಿಗೆ ಹೊಂದಿಸಿ, ಅಂಗೈಯಲ್ಲಿ ಒಂದೇಟು ಕೊಡಿ.